ಹಾರಿಸಿಬಿಟ್ಟ ಐವತ್ತೆರಡು ಸೆಕೆಂಡು

ಬೆಳಗಿನ ಐದೂಕಾಲು. ರೈಲ್ವೆ ಕಚೇರಿಯ ಮೆಟ್ಟಿಲಡಿಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ಕೋಣೆಗೆ ಕಿಟಕಿ ಇದೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುತ್ತದೆ. ಒಂದು ಮೇಜು, ಎರಡು ಕಂಪ್ಯೂಟರು, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಕುರ್ಚಿ. ಕುರ್ಚಿಯಲ್ಲಿ ಕೂತಾಕೆಗೆ ಐವತ್ತಮೂರು ವರ್ಷ. ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದ್ದಾರೆ. ಸರಸರನೆ ಮೇಲೆ ಓಡುತ್ತಿದ್ದ ಅಕ್ಷರಗಳ ಸಾಲು ಒಮ್ಮೆಗೇ ನಿಲ್ಲುತ್ತದೆ. ಗೇಟು ಇಪ್ಪತ್ತೊಂಬತ್ತು, ಐದನೇ ಫೈಲು, ಚಿತ್ರ ಖಾಲಿ ಎಂದು ಪರದೆ ಹೇಳುತ್ತದೆ.

"ಬಂದ್ಯಾ ತಾಯಿ? ನೀನು ಬರದೆ ಇದ್ರೆ ನನಗೆ ಹೊತ್ತೇ ಹುಟ್ಟಲ್ಲ ನೋಡು" ಎಂದು ಅವರು ಪರದೆಗೇ ಹೇಳಿ, ತೋಳು ಮಡಿಸಿಕೊಂಡು ಕೆಲಸಕ್ಕೆ ಇಳಿಯುತ್ತಾರೆ.

ಕಚೇರಿಯಲ್ಲಿ ಅವರನ್ನು ಎಲ್ಲರೂ ಖಾಲಿಯಕ್ಕ ಎನ್ನುತ್ತಾರೆ. ಹೆಸರಿಟ್ಟವರು ಯಾರೋ ಚೇಷ್ಟೆಯವರು. ಹೆಸರು ಮಾತ್ರ ಅಂಟಿನ ಹಾಗೆ ಕೂತುಬಿಟ್ಟಿತು. ಅವರ ಕೆಲಸವನ್ನು ಕೇಳಿದವರಿಗೆಲ್ಲ ಬಿಡಿಸಿ ಹೇಳಬೇಕಾಗುತ್ತದೆ, ಹೇಳಿದ ಮೇಲೂ ಅರ್ಧ ಜನ ಹೂಂಗುಟ್ಟಿ ಹೋಗುತ್ತಾರೆ. ರಸ್ತೆ ಹಳಿಯನ್ನು ದಾಟುವ ಕಡೆಯಲ್ಲೆಲ್ಲ ಗೇಟು ಇರುತ್ತದಲ್ಲ, ಅಂಥ ಅರವತ್ತನಾಲ್ಕು ಗೇಟು ಈ ಕಚೇರಿಯ ಕೆಳಗಿವೆ. ಒಂದೊಂದು ಗೇಟಿಗೂ ಕಂಬದ ಮೇಲೆ ಒಂದು ಕ್ಯಾಮೆರಾ. ರೈಲು ಬರುವುದಕ್ಕೆ ಎರಡು ನಿಮಿಷ ಮೊದಲೇ ಅಡ್ಡತೋಳು ಕೆಳಗಿಳಿದು ಬೀಗ ಬಿದ್ದಿರಬೇಕು. ಇಳಿದಿತ್ತೋ ಇಲ್ಲವೋ ಎಂದು ಯಂತ್ರದಿಂದ ಓದಿಸಿ, ಒಂಬತ್ತು ಗಂಟೆಯೊಳಗೆ ವರದಿಯನ್ನು ದೊಡ್ಡ ಸಾಹೇಬರ ಮೇಜಿಗೆ ಇಡುವುದು ಖಾಲಿಯಕ್ಕನ ಕೆಲಸ.

ಓಡುವ ಚಿತ್ರ ಎಂದು ಬಾಯಿಮಾತಿಗೆ ಹೇಳಿದರೂ ವಿಡಿಯೋದಲ್ಲಿ ಓಡುವುದು ಏನೂ ಇಲ್ಲ. ನಿಂತ ಚಿತ್ರಗಳ ಕಟ್ಟು ಅದು. ಈ ಕ್ಯಾಮೆರಾಗಳು ಸೆಕೆಂಡಿಗೆ ಹದಿನೈದು ಚಿತ್ರ ಹಿಡಿಯುತ್ತವೆ. ಗಂಟೆಗೆ ಒಂದು ಫೈಲು, ಫೈಲಿಗೆ ಐವತ್ತನಾಲ್ಕು ಸಾವಿರ ಚಿತ್ರ. ಅರವತ್ತನಾಲ್ಕು ಗೇಟುಗಳ ಒಂದು ದಿನದ ಲೆಕ್ಕ ಎಂಟು ಕೋಟಿ ದಾಟುತ್ತದೆ. ಅಷ್ಟನ್ನು ನೋಡುವ ಕಣ್ಣು ಯಾವ ತಾಯಿಯ ಮಗನಿಗೂ ಇಲ್ಲವಾದ್ದರಿಂದ ಖಾಲಿಯಕ್ಕ ಬರೆದ ಪ್ರೋಗ್ರಾಂ ನೋಡುತ್ತದೆ. ಕಟ್ಟಿನಿಂದ ಒಂದು ಚಿತ್ರ ತೆಗೆಯುತ್ತದೆ, ತೋಳು ಕೆಳಗಿದೆಯೇ, ರೈಲು ಬಂತೇ ಎಂದು ಕೇಳುತ್ತದೆ, ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆಯುತ್ತದೆ. ಒಂದೊಂದು ಸಲ ಕೈ ಹಾಕಿದರೆ ಕೈಗೆ ಏನೂ ಬರುವುದಿಲ್ಲ. ಅದೇ ಖಾಲಿ ಚಿತ್ರ. ಖಾಲಿ ಕೈಯನ್ನು ಚಿತ್ರ ಎಂದುಕೊಂಡು ಮುಂದುವರಿದರೆ ಪ್ರೋಗ್ರಾಂ ಮುಗ್ಗರಿಸಿ ಬೀಳುತ್ತದೆ.

"ಕಾಗದ ಇದೆಯಾ ಇಲ್ವಾ ಅಂತ ನೋಡದೆ ಲಕೋಟೆ ಒಡೆದು ಓದೋಕೆ ಕೂತ ಹಾಗೆ" ಎಂದು ಖಾಲಿಯಕ್ಕ ವಿವರಿಸುತ್ತಾರೆ. "ಮೊದಲು ಲಕೋಟೆ ಒಳಗೆ ಕೈ ಹಾಕಿ ನೋಡ್ಬೇಕು. ಖಾಲಿ ಇದ್ರೆ ಯಾಕೆ ಖಾಲಿ ಅಂತ ಕೇಳ್ಬೇಕು. ಅಷ್ಟೇ ನನ್ನ ವಿದ್ಯೆ."

ಅಷ್ಟೇ ಎಂದರೂ ಅದು ನಾಡಿ ಹಿಡಿದು ನೋಡುವ ಕೆಲಸ. ಮೊದಲ ಚಿತ್ರವೇ ಖಾಲಿಯಾದರೆ ಅವರು ಫೈಲಿನ ಬಾಗಿಲು ತೆರೆಯಿತೇ ಎಂದು ಕೇಳುತ್ತಾರೆ. ಹೆಸರಿನಲ್ಲಿ ಒಂದು ಚುಕ್ಕೆ ತಪ್ಪಿದ್ದರೂ, ಫೈಲು ಬೇರೆ ಕಪಾಟಿನಲ್ಲಿದ್ದರೂ ಯಂತ್ರ ಬಾಯಿಬಿಟ್ಟು ಹೇಳುವುದಿಲ್ಲ. ಮೂಕನ ಹಾಗೆ ಖಾಲಿ ಕೈ ತೋರಿಸುತ್ತದೆ. ಬಾಗಿಲು ತೆರೆದೂ ಖಾಲಿ ಬಂದರೆ ಚಿತ್ರಗಳನ್ನು ಒತ್ತಿ ಕಟ್ಟಿ ಕ್ಯಾಮೆರಾ ಹಾಕಿದ ಗಂಟನ್ನು ಬಿಚ್ಚುವ ಉಪಾಯ ಈ ಯಂತ್ರಕ್ಕೆ ಕಲಿಸಿಲ್ಲ ಎಂದರ್ಥ. ಕರೆಂಟು ಹೋಗಿ ಅರ್ಧಕ್ಕೇ ನಿಂತ ಫೈಲಿಗೆ, ಯಾವ ಚಿತ್ರ ಎಲ್ಲಿದೆ ಎಂದು ಬರೆದ ಬಾಲವೇ ಇರುವುದಿಲ್ಲ. ಅದರ ಬಾಲವನ್ನು ಅಕ್ಕಪಕ್ಕದ ಫೈಲು ನೋಡಿ ಹೊಲಿಯಬೇಕು. ಕಡೆಯ ಚಿತ್ರ ಮುಗಿದ ಮೇಲೆ ಬರುವ ಖಾಲಿ ಮಾತ್ರ ಸಹಜದ್ದು, ಅದಕ್ಕೆ ಹೆದರಬೇಕಿಲ್ಲ. ನಡುವೆ ಬರುವ ಖಾಲಿಯೇ ಕಾಯಿಲೆ. ದಿನಕ್ಕೆ ಸಾವಿರದ ಐನೂರು ಚಿಲ್ಲರೆ ಫೈಲುಗಳಲ್ಲಿ ಮೂವತ್ತೋ ನಲವತ್ತೋ ಹೀಗೆ ಕಾಯಿಲೆ ಬೀಳುತ್ತವೆ.

ಇವತ್ತಿನ ಇಪ್ಪತ್ತೊಂಬತ್ತನೇ ಗೇಟಿನದು ಬಾಲವಿಲ್ಲದ ಫೈಲು. ಇಪ್ಪತ್ತು ನಿಮಿಷದಲ್ಲಿ ಅದು ಎದ್ದು ಕೂರುತ್ತದೆ. ಬಾಗಿಲಲ್ಲಿ ಇಣುಕಿದ ಕಾವಲುಗಾರ ಇವತ್ತು ಎಷ್ಟು ಖಾಲಿ ಎಂದು ಕೇಳಿದರೆ, ನಿನ್ನ ತಲೆಗಿಂತ ಸ್ವಲ್ಪ ಕಮ್ಮಿ ಎಂದು ತಿರುಗದೆ ಉತ್ತರ ಕೊಡುತ್ತಾರೆ.

ಖಾಲಿಯಕ್ಕ ಓದಿದ್ದು ಹತ್ತನೇ ತರಗತಿ, ಅದೂ ಗಣಿತದಲ್ಲಿ ಮುಗ್ಗರಿಸಿ. ಹದಿನೇಳು ವರ್ಷ ಟಿವಿ ಕೇಂದ್ರವೊಂದರ ಟೇಪು ಕೋಣೆಯಲ್ಲಿ ದುಡಿದರು. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಟೇಪು ಒರೆಸುವುದು, ಬೂಷ್ಟು ಹಿಡಿದ ಗೇಣುದ್ದ ಕತ್ತರಿಸಿ ಎರಡು ತುದಿಗಳನ್ನು ಸೇರಿಸಿ ಅಂಟಿಸುವುದು. ಸೇರಿಸಿದ್ದು ನೋಡುವವರಿಗೆ ಗೊತ್ತಾಗಬಾರದು, ಅದೇ ಕೈಚಳಕ. ಅವರು ಅಂಟಿಸಿದ ಜಾಗ ಹುಡುಕಿ ತೋರಿಸಿ ಎಂದು ಮೇಲಿನವರು ಪಂದ್ಯ ಕಟ್ಟುತ್ತಿದ್ದರಂತೆ, ಗೆದ್ದವರಿಲ್ಲ. ಟೇಪಿನ ಕಾಲ ಮುಗಿದು ಕೋಣೆಗೆ ಬೀಗ ಬಿದ್ದಾಗ ವಯಸ್ಸು ನಲವತ್ತೈದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಂಗಿಯ ಮನೆಯಲ್ಲಿ ಒಂದು ಮಂಚದಷ್ಟು ಜಾಗ ಸಿಕ್ಕಿತು.

ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ತಂಗಿಯ ಮಗಳು. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ಹುಡುಗಿ ಅಡುಗೆಮನೆಯ ಮೇಜಿನ ಮೇಲೆ ದೊಡ್ಡಮ್ಮನಿಗೆ ಕೋಡು ಬರೆಯಲು ಕಲಿಸಿದಳು. ಒಂದು ಕಂಸ ಮುಚ್ಚುವುದು ಮರೆತರೂ ಯಂತ್ರ ಅತ್ತೆಯ ಹಾಗೆ ಮುನಿಸಿಕೊಳ್ಳುತ್ತಿತ್ತು. ಕಲಿಯಲು ಎರಡು ವರ್ಷ ಹಿಡಿಯಿತು. ಟೇಪು ಗೊತ್ತಿದ್ದವರು, ವಿಡಿಯೋದ ಒಳಹೊರಗು ಬಲ್ಲವರು ಎಂದು ಈ ಕಚೇರಿಯವರು ಕರೆದುಕೊಂಡರು. ಅವರ ಬಗ್ಗೆ ಪತ್ರಿಕೆಗೆ ಹೀಗೆ ಬರೆಯುವ ಮಾತು ಬಂದಾಗ ಖಾಲಿಯಕ್ಕ ಎರಡು ವಾರ ಒಪ್ಪಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದರು.

"ಮೆಟ್ಟಿಲ ಕೆಳಗೆ ಕೂತು ಕೆಲಸ ಮಾಡೋ ಬಡಪಾಯಿ ಅಂತ ಹೊಗಳೋದಾದ್ರೆ ಬೇಡ. ನಾನು ಒಬ್ಬರಿಗೆ ಏನು ಮಾಡ್ದೆ ಅನ್ನೋದನ್ನೂ ಬರೀತೀರಾದ್ರೆ ಕೂತ್ಕೊಳ್ಳಿ."

ಅವರು ಮಾಡಿದ್ದು ಇದು.

ಎರಡೂಕಾಲು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪ್ರೋಗ್ರಾಂ ದಿನಕ್ಕೆ ಹತ್ತು ಸಲ ಖಾಲಿ ಚಿತ್ರಕ್ಕೆ ಎಡವಿ ನಿಲ್ಲುತ್ತಿತ್ತು. ಒಂಬತ್ತು ಗಂಟೆಯ ವರದಿ ಹನ್ನೊಂದಾಗುತ್ತಿತ್ತು. ದೊಡ್ಡ ಸಾಹೇಬರು ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದರು. ಒಂದು ಬೆಳಿಗ್ಗೆ ಖಾಲಿಯಕ್ಕ ಎರಡೇ ಸಾಲು ಬರೆದರು: ಚಿತ್ರ ಖಾಲಿಯಾಗಿದ್ದರೆ ಅದನ್ನು ಹಾರಿಸು, ಮುಂದಿನದಕ್ಕೆ ಹೋಗು. ಬೂಷ್ಟು ಹಿಡಿದ ಗೇಣುದ್ದ ಕತ್ತರಿಸಿ ಅಂಟಿಸುವ ಹದಿನೇಳು ವರ್ಷದ ಕೈ ಬೇರೆ ಏನು ಬರೆದೀತು? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೈಗುಣವೂ ಹಾಗೆಯೇ. ಅವತ್ತಿನಿಂದ ಪ್ರೋಗ್ರಾಂ ಒಮ್ಮೆಯೂ ನಿಲ್ಲಲಿಲ್ಲ. ಎಂಟೂವರೆಗೇ ವರದಿ ಸಿದ್ಧ. ಸಾಹೇಬರು ಮೊದಲ ಸಲ ಮೆಟ್ಟಿಲು ಇಳಿದು ಬಂದು ಭೇಷ್ ಎಂದರು.

ಮನೆಯಲ್ಲಿ ಹೇಳಿಕೊಂಡಾಗ ತಂಗಿಯ ಮಗಳು ಮಾತ್ರ ಹುಬ್ಬು ಗಂಟಿಕ್ಕಿದಳು. ಸುಮ್ಮನೆ ಹಾರಿಸಬೇಡ ದೊಡ್ಡಮ್ಮ, ಎಷ್ಟು ಹಾರಿಸಿದೆ ಅಂತ ಎಣಿಸಿಯಾದರೂ ಇಟ್ಟುಕೋ ಎಂದಳು. ನಿನಗೇನು ಗೊತ್ತು, ಒಂದೆರಡು ಚಿತ್ರ ಹೋದರೆ ಯಾರ ಗಂಟು ಹೋಯಿತು ಎಂದು ಖಾಲಿಯಕ್ಕ ಅವಳ ಬಾಯಿ ಮುಚ್ಚಿಸಿದರು. ಅವರು ಮರೆತದ್ದು ಇಷ್ಟೇ: ಅವರ ಪ್ರೋಗ್ರಾಂ ಹೊತ್ತನ್ನು ಅಳೆಯುತ್ತಿದ್ದದ್ದೇ ಚಿತ್ರ ಎಣಿಸಿ. ಹದಿನೈದು ಚಿತ್ರ ಹೋಯಿತೆಂದರೆ ಒಂದು ಸೆಕೆಂಡು ಹೋಯಿತು ಎಂದು ಲೆಕ್ಕ. ಹಾರಿಸಿದ ಚಿತ್ರದ ಜೊತೆಗೆ ಆ ಹೊತ್ತೂ ಇಲ್ಲವಾಗುತ್ತಿತ್ತು.

ಆರು ತಿಂಗಳ ನಂತರ ನಲವತ್ತೊಂದನೇ ಗೇಟಿನ ವರದಿ ಕೆಂಪಾಗಿ ಬಂತು. ತೋಳು ಇಳಿದ ಎಪ್ಪತ್ತು ಸೆಕೆಂಡಿಗೇ ರೈಲು. ಇರಬೇಕಾದದ್ದು ನೂರಿಪ್ಪತ್ತು. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಕೋಳಿಯೂ ಸಾಯಲಿಲ್ಲ. ಆದರೆ ನಿಯಮ ನಿಯಮವೇ. ಆ ಗೇಟಿನವರು ಇಪ್ಪತ್ತಾರು ವರ್ಷ ಅದೇ ಗೇಟಿನಲ್ಲಿದ್ದವರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ಸುತ್ತಮುತ್ತಲಿನವರು ಅವರನ್ನು ಗಡಿಯಾರ ಮಾವ ಎನ್ನುತ್ತಿದ್ದರು. ಅವರು ತೋಳು ಇಳಿಸಿದ್ದು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುವವರಿದ್ದರು. ಗೇಟಿನ ಪುಸ್ತಕದಲ್ಲಿ ಅವರು ಎರಡು ನಿಮಿಷ ಎಂದು ಬರೆದಿದ್ದರು. ಯಂತ್ರ ಎಪ್ಪತ್ತು ಸೆಕೆಂಡು ಎಂದಿತ್ತು. ಹಾಗಾಗಿ ಒಂದು ತಪ್ಪು ಎರಡಾಯಿತು: ತಡವಾಗಿ ಮುಚ್ಚಿದ್ದು ಒಂದು, ಪುಸ್ತಕದಲ್ಲಿ ಸುಳ್ಳು ಬರೆದದ್ದು ಇನ್ನೊಂದು.

ವಿಚಾರಣೆಗೆ ಖಾಲಿಯಕ್ಕನನ್ನೂ ಕರೆದರು. ಗಡಿಯಾರ ಮಾವ ಎರಡು ಮಾರು ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಲೆಕ್ಕ ತಪ್ಪಿರಬಹುದೇ ಎಂದು ಸಾಹೇಬರು ಕೇಳಿದರು. ಖಾಲಿಯಕ್ಕ ಏನು ಹೇಳಿದರು ಎಂಬುದನ್ನು ಅವರ ಬಾಯಿಂದ ತೆಗೆಸುವುದು ಕಷ್ಟವಾಗುತ್ತದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ಯಂತ್ರ ಸುಳ್ಳು ಹೇಳಲ್ಲ ಸಾರ್ ಅಂದೆ. ಹೊಸ ಸೀರೆ ಉಟ್ಕೊಂಡು ಹೋಗಿದ್ದೆ ಅವತ್ತು. ದೊಡ್ಡವರೆಲ್ಲ ನನ್ನ ಮಾತು ಕೇಳ್ತಾರಲ್ಲ ಅಂತ ಒಳಗೊಳಗೇ ಹಿಗ್ಗು. ಅವರು ನನ್ನ ಕಡೆ ಒಂದೇ ಸಲ ನೋಡಿದ್ರು. ಹಾಗಾದ್ರೆ ಇಪ್ಪತ್ತಾರು ವರ್ಷ ಆದ್ರೂ ನಂಗೆ ಎರಡು ನಿಮಿಷ ಯಾವುದು ಅಂತ ಗೊತ್ತಾಗಿಲ್ಲ ಅಂತಾಯ್ತು ಅಂದ್ರು. ಅಷ್ಟೇ."

ಮಾವನನ್ನು ಗೇಟಿನಿಂದ ಎಬ್ಬಿಸಿ ಸಾಮಾನು ಕೊಟ್ಟಿಗೆಗೆ ಹಾಕಿದರು, ಆ ಆದೇಶವನ್ನು ಹಾಜರಿ ಕೋಣೆಯ ಫಲಕಕ್ಕೆ ಅಂಟಿಸಿದರು. ಬೋಲ್ಟು ನಟ್ಟುಗಳನ್ನು ಗಾತ್ರ ನೋಡಿ ಬೇರೆ ಬೇರೆ ಡಬ್ಬಕ್ಕೆ ಹಾಕುವ ಕೆಲಸ. ಗಡಿಯಾರ ಮಾವ ಎಂದವರೇ ನಿಂತ ಗಡಿಯಾರ ಎನ್ನತೊಡಗಿದರು. ಖಾಲಿಯಕ್ಕ ಆ ದಿನಗಳಲ್ಲಿ ಅವರ ಬಗ್ಗೆ ಯೋಚಿಸಿದ್ದೇ ಇಲ್ಲ. ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ ಎಂದು ಅವರೇ ಹೇಳುತ್ತಾರೆ.

ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ದಿನ ಹನ್ನೆರಡನೇ ಗೇಟಿನಲ್ಲಿ ಕಲ್ಲೆಸೆದವರು ಯಾರು ಎಂದು ನೋಡಲು ಫೈಲನ್ನು ಅದೇ ಪ್ರೋಗ್ರಾಂನಲ್ಲಿ ಹಾಕಿ ಕಣ್ಣಿನಿಂದಲೇ ನೋಡಬೇಕಾಯಿತು. ತೋಳು ಇಳಿಯಿತು. ರೈಲು ಬರಲು ಇನ್ನೂ ನಾಲ್ಕು ನಿಮಿಷವಿತ್ತು. ಸೈಕಲ್ಲಿಗೆ ಒರಗಿ ನಿಂತ ಒಬ್ಬಾತ ಇಡೀ ಕಿತ್ತಳೆಹಣ್ಣನ್ನು ಕೈಯಲ್ಲಿ ಹಿಡಿದಿದ್ದ. ಮರುಚಿತ್ರದಲ್ಲಿ ಅವನ ಕೈಯಲ್ಲಿ ಬರೀ ಸಿಪ್ಪೆ. ಖಾಲಿಯಕ್ಕನಿಗೆ ನಗು ಬಂತು. ಏನಪ್ಪಾ, ಹಾವು ಕಪ್ಪೆ ನುಂಗಿದ ಹಾಗೆ ನುಂಗಿದೆಯಲ್ಲ ಎಂದು ಗಟ್ಟಿಯಾಗಿಯೇ ಹೇಳಿದರು. ಹೇಳಿದ ಮಾತು ಬಾಯಲ್ಲಿರುವಾಗಲೇ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದರು. ಕಿತ್ತಳೆ ಸುಲಿದು ತಿನ್ನಲು ಯಾರಿಗಾದರೂ ಮುಕ್ಕಾಲು ನಿಮಿಷವಾದರೂ ಬೇಕು. ಆ ಮುಕ್ಕಾಲು ನಿಮಿಷ ಎಲ್ಲಿ?

ಅವರು ಎದ್ದು ಬಾಗಿಲು ಹಾಕಿಕೊಂಡರು. ಆ ಎರಡು ಸಾಲನ್ನು ಅಳಿಸಿ, ಖಾಲಿ ಬಂದಲ್ಲೆಲ್ಲ ಎಣಿಸು ಎಂದು ಬರೆದರು. ಹಳೆಯ ಫೈಲುಗಳ ಕಪಾಟಿನಿಂದ ನಲವತ್ತೊಂದನೇ ಗೇಟಿನ ಆ ದಿನದ ಫೈಲು ತೆಗೆದು ಓಡಿಸಿದರು. ಏಳುನೂರ ಎಂಬತ್ತು ಖಾಲಿ ಚಿತ್ರ, ಎಲ್ಲವೂ ಒಂದೇ ಕಡೆ, ತೋಳು ಇಳಿದ ಮರುಕ್ಷಣದಿಂದ. ಹದಿನೈದರಿಂದ ಭಾಗಿಸಿದರೆ ಐವತ್ತೆರಡು ಸೆಕೆಂಡು. ಎಪ್ಪತ್ತಕ್ಕೆ ಐವತ್ತೆರಡು ಕೂಡಿದರೆ ನೂರ ಇಪ್ಪತ್ತೆರಡು. ಯಂತ್ರದಲ್ಲಿ ಭಾಗಿಸಿದರು, ಕಾಗದದ ಮೇಲೆ ಭಾಗಿಸಿದರು, ಗಣಿತದಲ್ಲಿ ಫೇಲಾದವಳು ನಾನು ಎಂದು ಬೆರಳು ಮಡಿಸಿಯೂ ಎಣಿಸಿದರು. ಮಾವ ಗೇಟು ಮುಚ್ಚಿದ್ದು ಸರಿಯಾದ ಹೊತ್ತಿಗೆ, ಎರಡು ಸೆಕೆಂಡು ಮೊದಲೇ.

ಕಾರಣವೂ ಆಮೇಲೆ ಸಿಕ್ಕಿತು. ಹಳೆಯ ಗೇಟುಗಳಲ್ಲಿ, ಕರೆಂಟಿಗೆ ಬಲವಿಲ್ಲದ ದಿನ, ತೋಳು ಕೂತ ತಕ್ಷಣ ಬೀಗದ ಅಯಸ್ಕಾಂತ ಗಬಕ್ಕನೆ ಕರೆಂಟು ಎಳೆಯುತ್ತದೆ. ಅದೇ ತಂತಿಯಲ್ಲಿರುವ ಕ್ಯಾಮೆರಾಕ್ಕೆ ಆಗ ಉಸಿರು ಕಟ್ಟುತ್ತದೆ. ಅಂದರೆ ಗೇಟಿನವರು ತಮ್ಮ ಕೆಲಸ ಸರಿಯಾಗಿ ಮಾಡಿ ಮುಗಿಸಿದ ಗಳಿಗೆಗೇ ಕ್ಯಾಮೆರಾ ಕುರುಡಾಗುತ್ತಿತ್ತು. ಆ ಕುರುಡು ಹೊತ್ತನ್ನು ಹೊಲಿಗೆ ಕಾಣದ ಹಾಗೆ ಕತ್ತರಿಸಿ ಅಂಟಿಸಿದ್ದು ಖಾಲಿಯಕ್ಕ.

ಕೂಡಲೇ ಓಡಿಹೋಗಿ ಹೇಳಿದರು ಎಂದು ಬರೆದರೆ ಓದುವವರಿಗೆ ಹಿತವಾದೀತು. ಹಾಗಾಗಲಿಲ್ಲ. ಒಂಬತ್ತು ದಿನ ಅವರು ಬಾಯಿಬಿಡಲಿಲ್ಲ. ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಸಾಮಾನು ಕೊಟ್ಟಿಗೆಯ ಮುಂದೆ ಹಾದುಹೋಗುವುದು ತಪ್ಪಿಸಲು ಕಚೇರಿಯನ್ನು ಸುತ್ತು ಹಾಕಿಕೊಂಡು ಬರುತ್ತಿದ್ದರು. ಯಾರಿಗೂ ಗೊತ್ತಿಲ್ಲವಲ್ಲ, ಗೊತ್ತಾಗುವುದೂ ಇಲ್ಲವಲ್ಲ ಎಂದು ಮನಸ್ಸು ದಾರಿ ಹುಡುಕುತ್ತಿತ್ತು. ಆ ಒಂಬತ್ತು ದಿನದ ನಾಚಿಕೆ ಮೊದಲಿನ ತಪ್ಪಿನದಕ್ಕಿಂತ ದೊಡ್ಡದು ಎನ್ನುತ್ತಾರೆ. ತಪ್ಪು ಗೊತ್ತಿಲ್ಲದೆ ಆದದ್ದು, ಸುಮ್ಮನಿದ್ದದ್ದು ಗೊತ್ತಿದ್ದೇ. ಕೊನೆಗೆ ತಂಗಿಯ ಮಗಳು ತಟ್ಟೆ ಎಳೆದುಕೊಂಡು ಏನಾಗಿದೆ ಎಂದು ಕೇಳಿದಾಗ ಎಲ್ಲವೂ ಹೊರಬಂತು. ನಾನು ಆಗಲೇ ಹೇಳಿದ್ದೆ ಅಂತ ನಾನು ಹೇಳಲ್ಲ ದೊಡ್ಡಮ್ಮ ಎಂದಳು ಹುಡುಗಿ. ಹೇಳಿದ ಹಾಗೇ ಆಯಿತಲ್ಲೇ ಎಂದು ಖಾಲಿಯಕ್ಕ ಅಳುತ್ತಲೇ ಅಂದರು. ಮರುದಿನ ಸಾಹೇಬರ ಕೋಣೆಗೆ ಹೋದರು.

ಸಾಹೇಬರು ಕೆಟ್ಟವರಲ್ಲ. ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಒಂದು ಕಾಗದ ಹೊರಡಿಸಿದರು: ತಾಂತ್ರಿಕ ದೋಷದ ಕಾರಣ ಹಿಂದಿನ ಆದೇಶವನ್ನು ಹಿಂಪಡೆಯಲಾಗಿದೆ, ನೌಕರರು ಗೇಟಿಗೆ ಮರಳಬಹುದು. ಅದರಲ್ಲಿ ಖಾಲಿಯಕ್ಕನ ಸುದ್ದಿಯೇ ಇರಲಿಲ್ಲ. ನಿಮ್ಮನ್ನೂ ಉಳಿಸಿದೆ, ಅವರನ್ನೂ ಉಳಿಸಿದೆ ಎಂದರಂತೆ ಸಾಹೇಬರು. ಹಗುರವಾಗಿ ಮನೆಗೆ ಬಂದೆ ಎಂದು ಖಾಲಿಯಕ್ಕ ಒಪ್ಪಿಕೊಳ್ಳುತ್ತಾರೆ.

ಆದರೆ ಗಡಿಯಾರ ಮಾವ ಗೇಟಿಗೆ ಮರಳಲಿಲ್ಲ. ಬೋಲ್ಟು ವಿಂಗಡಿಸುತ್ತಲೇ ಇರುತ್ತೇನೆ ಎಂದು ಬರೆದುಕೊಟ್ಟರು. ಮುದುಕನಿಗೆ ಸೊಕ್ಕು ಎಂದರು ಕಚೇರಿಯಲ್ಲಿ. ಎರಡು ವಾರ ಕಾದು, ಒಂದು ಭಾನುವಾರ ಮಧ್ಯಾಹ್ನ ಖಾಲಿಯಕ್ಕ ತಂಗಿಯ ಮಗಳ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ನೌಕರರ ವಸತಿ ಸಾಲಿಗೆ ಹೋದರು.

ಎರಡು ಕೋಣೆಯ ಮನೆ. ಮಾವ ಜಗಲಿಯಲ್ಲಿ ಸ್ಟೂಲಿನ ಕಾಲಿಗೆ ಬೆಣೆ ಹೊಡೆಯುತ್ತಿದ್ದರು. ಹೆಂಡತಿ ಒಳಗೆ ಬಟ್ಟೆ ಮಡಿಸುತ್ತಿದ್ದರು. ಬಂದವರು ಯಾರು ಎಂದು ಮಾವನಿಗೆ ಗೊತ್ತಾಯಿತು; ಮತ್ತೆ ಬೆಣೆಗೆ ಸುತ್ತಿಗೆ ಹಾಕಿದರು. ಹೆಂಡತಿಯೇ ನೀರು ತಂದುಕೊಟ್ಟರು. ಖಾಲಿಯಕ್ಕ ಕೂರಲಿಲ್ಲ. ನಿಂತುಕೊಂಡೇ ತಾವು ಬರೆದ ಎರಡು ಸಾಲನ್ನೂ ಆ ಒಂಬತ್ತು ದಿನವನ್ನೂ ಹೇಳಿದರು. ಮಾವ ಸುತ್ತಿಗೆ ಕೆಳಗಿಟ್ಟು, ಕಾಗದ ಬಂತು, ಓದಿದೆ ಎಂದರು.

ಫೈಲು ತಂದಿದ್ದೇನೆ, ನೋಡುತ್ತೀರಾ ಎಂದು ಕೇಳಿದರು ಖಾಲಿಯಕ್ಕ. ಈಗ ಪ್ರೋಗ್ರಾಂ ಖಾಲಿ ಚಿತ್ರವನ್ನು ಹಾರಿಸುವುದಿಲ್ಲ. ಅದರ ಜಾಗದಲ್ಲಿ ಕಪ್ಪು ಪರದೆ ಇಟ್ಟು ಅಷ್ಟು ಹೊತ್ತೂ ಕಾಯುತ್ತದೆ. ಬೆಣೆ ಹೊಡೆದ ಸ್ಟೂಲಿನ ಮೇಲೇ ಲ್ಯಾಪ್‌ಟಾಪ್ ಇಟ್ಟರು. ಹೆಂಡತಿಯೂ ಬಾಗಿಲ ಬಳಿ ಬಂದು ನಿಂತರು. ಪರದೆಯ ಮೇಲೆ ಬೆಳಗಿನ ಗೇಟು, ಟೋಪಿ ಹಾಕಿದ ಮಾವ. ತೋಳು ಇಳಿಯಿತು. ಪರದೆ ಕಪ್ಪಾಯಿತು.

ನಾಲ್ಕೈದು ಸೆಕೆಂಡು ಕಳೆದ ಮೇಲೆ ಮಾವ ಮಾತಾಡತೊಡಗಿದರು, ಯಾರಿಗೂ ಅಲ್ಲದ ಹಾಗೆ.

"ಬೀಗ ಬಿತ್ತು. ಕೈಯಿಂದ ಅಲ್ಲಾಡಿಸಿ ನೋಡ್ದೆ. ಆಚೆ ಕಡೆ ತೋಳಿನ ಹತ್ರ ಹೋಗ್ತಾ ಇದ್ದೀನಿ. ಇಪ್ಪತ್ತೆರಡು ಹೆಜ್ಜೆ. ಹಳಿ ಮೇಲೆ ಕಲ್ಲು ಬಿದ್ದಿದ್ಯಾ ನೋಡ್ದೆ. ಎಡಗಡೆ ನೋಡ್ದೆ. ಬಲಗಡೆ ನೋಡ್ದೆ. ಆಚೆ ಬೀಗ ಅಲ್ಲಾಡಿಸ್ದೆ. ವಾಪಸ್ ಬರ್ತಾ ಇದ್ದೀನಿ." ತೊಡೆಯ ಮೇಲೆ ಬೆರಳು ಬಡಿಯುತ್ತ ಹೆಜ್ಜೆ ಎಣಿಸಿದರು. "ಪುಸ್ತಕ ತೆಗೆದು ಹೊತ್ತು ಬರ್ದೆ. ಪುಸ್ತಕ ಒಳಗಿಟ್ಟೆ. ಬಾವುಟ ತಗೊಂಡೆ. ಬಿಚ್ತಾ ಇದ್ದೀನಿ. ಬಿಚ್ಚಿದೆ."

ಪರದೆಗೆ ಬೆಳಕು ಬಂತು. ಮಾವ ತಮ್ಮ ಜಾಗದಲ್ಲಿ ನಿಂತಿದ್ದರು, ಕೈಯಲ್ಲಿ ಬಿಚ್ಚಿದ ಬಾವುಟ.

ಅದೇ ದಿನದ್ದು ಅಷ್ಟು ನೆನಪಿದೆಯೇ ಎಂದು ಖಾಲಿಯಕ್ಕ ಕೇಳಿಯೇಬಿಟ್ಟರು. ಆ ದಿನದ್ದು ಅಂತ ಏನಿಲ್ಲ, ದಿನವೂ ಇದೇ ಎಂದರು ಮಾವ. ಪರದೆಯಲ್ಲಿ ಇನ್ನೂ ರೈಲು ಬಂದಿರಲಿಲ್ಲ. ಬಾಗಿಲ ಬಳಿ ನಿಂತ ಹೆಂಡತಿ ಆಗ ಮಾತಾಡಿದರು.

"ನಿದ್ದೆ ಹೋಗಿದ್ರೇನೋ ಅಂದ್ಕೊಂಡಿದ್ದೆ ನಾನು."

ಮಾವ ತಿರುಗಿ ನೋಡಿದರು. "ನೀನೂನಾ?" ಎಂದರು. ಪರದೆಯಲ್ಲಿ ರೈಲು ಸದ್ದಿಲ್ಲದೆ ಹಾದುಹೋಯಿತು. ಆ ಗಳಿಗೆ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ ಎನ್ನುತ್ತಾರೆ ಖಾಲಿಯಕ್ಕ. ಕೆಲಸದ ಜಾಗದಲ್ಲಿ ಒಬ್ಬರ ಮಾನ ತೆಗೆದೆ ಎಂದಷ್ಟೇ ಅಂದುಕೊಂಡಿದ್ದವರಿಗೆ, ತಮ್ಮ ಎರಡು ಸಾಲು ಅವರ ಮನೆಯೊಳಕ್ಕೂ ಬಂದು ಗಂಡಹೆಂಡಿರ ನಡುವೆ ಕೂತಿತ್ತು ಎಂದು ಗೊತ್ತಾದದ್ದು ಆಗಲೇ.

ಗೇಟಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವ ಧೈರ್ಯ ಅವರಿಗೆ ಇರಲಿಲ್ಲ. ಮಾವನೇ ಒಳಗಿನಿಂದ ಸಾಹೇಬರ ಕಾಗದ ತಂದು ಕೈಗಿಟ್ಟರು. ತಾಂತ್ರಿಕ ದೋಷ ಎಂದು ಓದಿದವರೆಲ್ಲ, ಮುದುಕನ ಮೇಲೆ ಕನಿಕರಪಟ್ಟು ಬಿಟ್ಟಿದ್ದಾರೆ ಎಂದೇ ತಿಳಿದಿದ್ದರಂತೆ. ಹಾಜರಿ ಕೋಣೆಯಲ್ಲಿ ಬೆನ್ನು ತಟ್ಟಿ, ಹೋಗಲಿ ಬಿಡಿ ಮಾವ, ಎಲ್ಲರಿಗೂ ಕಣ್ಣು ಎಳೆಯುತ್ತೆ ಎಂದವರಿದ್ದರು. ಆ ಕನಿಕರ ಹೊತ್ತು ಗೇಟಿಗೆ ಹೋಗುವುದಕ್ಕಿಂತ ಬೋಲ್ಟೇ ವಾಸಿ ಎಂದರು ಮಾವ. ಆಮೇಲೆ ಒಂದು ಮಾತು ಕೇಳಿದರು.

"ಇದರಲ್ಲಿ ನನ್ನ ಹೆಸರು ಮೂರು ಸಲ ಇದೆ. ನಿಮ್ಮದು ಎಲ್ಲಿದೆ, ಸ್ವಲ್ಪ ತೋರಿಸಿ."

ಖಾಲಿಯಕ್ಕ ಕಾಗದವನ್ನು ಎರಡು ಸಲ ಓದಿದರು, ಇಲ್ಲ ಎಂದು ಗೊತ್ತಿದ್ದೂ. ಮಡಿಸಿ ಹಿಂದಕ್ಕೆ ಕೊಟ್ಟು ಬಂದರು.

ಮರುದಿನ ಹೊಸ ಕಾಗದವನ್ನು ತಾವೇ ಬರೆದರು. ನಲವತ್ತೊಂದನೇ ಗೇಟು ಆ ದಿನ ರೈಲಿಗೆ ನೂರ ಇಪ್ಪತ್ತೆರಡು ಸೆಕೆಂಡು ಮೊದಲು ಮುಚ್ಚಿತ್ತು. ವಿಡಿಯೋ ಓದುವ ಕೆಲಸದವಳಾದ ನಾನು ಖಾಲಿ ಚಿತ್ರಗಳನ್ನು ಎಣಿಸದೆ ಹಾರಿಸಿ, ಎಪ್ಪತ್ತು ಎಂದು ತಪ್ಪು ವರದಿ ಕೊಟ್ಟೆ, ವಿಚಾರಣೆಯಲ್ಲೂ ಹಾಗೆಯೇ ಹೇಳಿದೆ. ಗೇಟಿನವರ ಪುಸ್ತಕದಲ್ಲಿ ಬರೆದದ್ದೇ ಸರಿ. ಕೆಳಗೆ ಪೂರ್ತಿ ಹೆಸರು. ಟೈಪು ಮಾಡಿದಾಕೆ ಬೆರಳು ನಿಲ್ಲಿಸಿ, ಹೆಸರು ಬೇಕೇಬೇಕಾ ಅಕ್ಕ ಎಂದು ಕೇಳಿದಳು. ಸಾಹೇಬರು ಸಹಿ ಹಾಕಲು ಮೂರು ದಿನ ತೆಗೆದುಕೊಂಡರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ, ಗೊತ್ತಿದೆ ತಾನೆ ಎಂದು ಎಚ್ಚರಿಸಿದರು. ಒದೆಯೂ ಬಿತ್ತು: ಖಾಲಿಯಕ್ಕನ ಕಡತದಲ್ಲಿ ಒಂದು ಕಪ್ಪು ಗೆರೆ, ಮೇಲಿನ ಹುದ್ದೆಗೆ ಹೋಗುವ ಪಟ್ಟಿಯಿಂದ ಹೆಸರು ಹೊರಗೆ. ಜೊತೆಗೆ ಅದೇ ಥರ ಹಾರಿಸಿದ ಹಳೆಯ ಫೈಲುಗಳನ್ನೆಲ್ಲ ಮತ್ತೆ ಎಣಿಸುವ ಕೆಲಸ. ಅದನ್ನು ಅವರು ಕೇಳಿಯೇ ಹಾಕಿಸಿಕೊಂಡದ್ದು. ಇಲ್ಲಿಯವರೆಗೆ ಹನ್ನೊಂದು ಸಾವಿರ ಫೈಲು ಆಗಿದೆ. ಇನ್ನೊಬ್ಬ ಗಡಿಯಾರ ಮಾವ ಸಿಕ್ಕಿಲ್ಲ. ಸಿಗದಿರಲಿ ಎಂದುಕೊಂಡೇ ಒಂದೊಂದನ್ನೂ ತೆರೆಯುತ್ತಾರೆ.

ಹೊಸ ಕಾಗದ ಹಾಜರಿ ಕೋಣೆಯ ಫಲಕಕ್ಕೆ ಬಿದ್ದ ಮರು ಸೋಮವಾರ ಗಡಿಯಾರ ಮಾವ ಗೇಟಿಗೆ ಹೋದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ. ಖಾಲಿಯಕ್ಕನಿಗೂ ಅವರಿಗೂ ಮಾತಿಲ್ಲ. ಎದುರಾದರೆ ಮಾವ ಟೋಪಿ ಮುಟ್ಟುತ್ತಾರೆ, ಅದು ಎಲ್ಲರಿಗೂ ಮುಟ್ಟುವ ಟೋಪಿಯೇ. ಕ್ಷಮಿಸಿದ್ದಾರೆಯೇ ಎಂದು ಕೇಳಿದರೆ ಖಾಲಿಯಕ್ಕ ತಲೆಯಾಡಿಸುತ್ತಾರೆ. ಕೇಳಿಲ್ಲ, ಕೇಳುವ ಮುಖ ತನಗಿಲ್ಲ ಎನ್ನುತ್ತಾರೆ. ಬೆಳಿಗ್ಗೆ ತಮ್ಮ ಕೋಣೆಯ ಬೀಗದ ಕೈ ತೆಗೆದುಕೊಳ್ಳಲು ಅವರು ಹೋಗಬೇಕಾದದ್ದು ಅದೇ ಹಾಜರಿ ಕೋಣೆಗೆ. ಅಷ್ಟು ಹೊತ್ತಿಗೆ ಪಾಳಿ ಬದಲಿಸುವ ಗೇಟಿನವರೆಲ್ಲ ಅಲ್ಲಿರುತ್ತಾರೆ. ಖಾಲಿಯಕ್ಕ, ಇವತ್ತು ಯಾರನ್ನು ಹಾರಿಸ್ತೀ ಎಂದು ಯಾರಾದರೂ ಒಬ್ಬರು ಕೇಳದ ದಿನವಿಲ್ಲ. ಕಾವಲುಗಾರನಿಗೆ ಎದುರು ಮಾತು ಕೊಡುವವರು ಇಲ್ಲಿ ಕೊಡುವುದಿಲ್ಲ. ಸಹಿ ಹಾಕಿ, ಬೀಗದ ಕೈ ತೆಗೆದುಕೊಂಡು ಮೆಟ್ಟಿಲಡಿಗೆ ಬರುತ್ತಾರೆ.

ಹೊಸ ಸಾಹೇಬರು ಬಂದಿದ್ದಾರೆ, ಹೇಳಿದರೆ ಆ ಕಾಗದವನ್ನು ಫಲಕದಿಂದ ತೆಗೆಸಿಬಿಡುತ್ತಾರೆ ಎಂದು ಟೈಪು ಮಾಡುವಾಕೆ ಮೊನ್ನೆಯೂ ಹೇಳಿದಳಂತೆ. ಖಾಲಿಯಕ್ಕ ಹೊಸ ಸಾಹೇಬರ ಬಳಿಗೆ ಹೋದದ್ದು ನಿಜ. ಆದರೆ ಬೇಡಿಕೊಂಡು ಬಂದದ್ದು ಬೇರೆ.

"ಅವರ ಶಿಕ್ಷೆ ಕಾಗದ ಆ ಹಲಗೆ ಮೇಲೆ ಹದಿನಾಲ್ಕು ತಿಂಗಳು ಇತ್ತು. ಬಂದೋರು ಹೋದೋರು ಎಲ್ಲಾ ಓದಿದ್ರು. ನಂದು ಹಾಕಿ ಐದು ತಿಂಗಳಾಯ್ತು. ಇನ್ನೊಂಬತ್ತು ತಿಂಗಳು ಯಾರೂ ಕೀಳದೆ ಬಿಟ್ರೆ ಸಾಕು."